ಬಾಣದ ಗುರುತು

ಊರಿನ ಹೆಸರು ಹಲ್.
ಹಲ್ಲು ಎಂದರೆ ನಮ್ಮಲ್ಲಿ ಏನೆಂದು ಹೇಳಿದಾಗ
ಮೇಲ್ವಿಚಾರಕ ಬಾಯಗಲಿಸಿ ನಕ್ಕ,
ಎರಡು ಚಿನ್ನದವು ಇದ್ದವು ಅವನಿಗೆ.
ನಾನು ನಗಲಿಲ್ಲ. ಆರು ವರ್ಷ
ಹಲ್ಲು ಕಚ್ಚಿಕೊಂಡೇ ಒರೆಸಿದೆ
ಆಸ್ಪತ್ರೆಯ ಮೂರನೇ ಮಹಡಿ,
ರಾತ್ರಿ ಹತ್ತರಿಂದ ಬೆಳಗಿನ ಆರು,
ಹಂಬರ್ ನದಿಯ ಮಂಜು ಗಾಜಿಗೆ ಮೂಗೊತ್ತಿ ನೋಡುವಾಗ.

ಕಾರಿಡಾರಿನ ತುದಿಗೆ ಆ ಕೋಣೆ.
ಬಾಗಿಲ ಮೇಲೆ ಯಾವ ದೇವರ ಹೆಸರೂ ಇಲ್ಲ,
'ಎಲ್ಲರಿಗೂ' ಎಂದಷ್ಟೇ ಬರೆದ ಫಲಕ.
ಒಳಗೆ ಕಿಟಕಿಯಿಲ್ಲ. ಹಸಿರು ಕಾರ್ಪೆಟ್ಟು, ಏಳು ಕುರ್ಚಿ,
ಬೆಂಕಿ ಆರಿಸುವ ಕೆಂಪು ಸಿಲಿಂಡರು.
ಕಪಾಟಿನಲ್ಲಿ ಬೈಬಲ್ಲು, ಸುತ್ತಿಟ್ಟ ನಮಾಜಿನ ಚಾಪೆ,
ಒಂದು ಮಣಿ ಕಳೆದುಕೊಂಡ ಜಪಸರ,
ಯಾರೋ ಬಿಟ್ಟುಹೋದ ಗಿಡ್ಡ ಮೇಣದಬತ್ತಿ, ಹಚ್ಚುವಂತಿಲ್ಲ.
ಚಾವಣಿಯಲ್ಲೊಂದು ಬಾಣ, ಮೆಕ್ಕಾದ ಕಡೆಗೆ.

ನನ್ನ ದೇವರು ನನ್ನ ಕೊರಳಲ್ಲಿ,
ಅವ್ವ ಕಟ್ಟಿದ ಕರಡಿಗೆಯಲ್ಲಿ, ಅಂಗೈಗೆ ಸರಿಯಾಗಿ.
ಬೇರೆಯವರದು ಬೇರೆಯವರಿಗೆ ಎಂದು
ಆ ಕಪಾಟನ್ನು ಬಟ್ಟೆಯ ತುದಿಯಿಂದ
ಬಿಸಿ ಹಂಚು ಮುಟ್ಟುವ ಹಾಗೆ ಒರೆಸುತ್ತಿದ್ದೆ.
ಕೈಗೆ ಗವಸಿತ್ತು. ಆದರೂ ಮನೆಗೆ ಹೋಗಿ
ಇನ್ನೊಮ್ಮೆ ತೊಳೆಯುತ್ತಿದ್ದೆ.
ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಫೆಬ್ರವರಿಯಲ್ಲಿ ಚಾವಣಿಗೆ ಬಣ್ಣ ಬಳಿದರು. ಬಾಣ ಹೋಯಿತು.
ಹೋದದ್ದು ನನಗೇನೂ ಅನಿಸಲಿಲ್ಲ.

ಆಮೇಲೊಂದು ರಾತ್ರಿ, ಮೂರು ಗಂಟೆಯಿರಬೇಕು,
ರೆಬ್ವಾರ್ ಬಂದ. ಕುರ್ದಿಶ್ ಹುಡುಗ, ಕಾರು ತೊಳೆಯುವವನು,
ಮೊಣಕೈವರೆಗೆ ಒದ್ದೆ ತೋಳು.
ಕೆಳಮಹಡಿಯ ಗಾಜಿನ ಪೆಟ್ಟಿಗೆಯಲ್ಲಿ ಅವನ ಮಗಳು,
ಒಂದು ಸೇರು ಅಕ್ಕಿಯಷ್ಟೂ ತೂಕವಿಲ್ಲದವಳು.
ಚಾವಣಿ ನೋಡಿದ. ಗೋಡೆ ನೋಡಿದ. ಸತ್ತ ಫೋನು ನೋಡಿದ.
'ಯಾವ ಕಡೆ?' ಎಂದು ನನ್ನನ್ನು ಕೇಳಿದ.

ಕೈ ತಾನೇ ಎದ್ದಿತು.
ಸಿಲಿಂಡರಿನಿಂದ ಒಂದು ಗೇಣು ಎಡಕ್ಕೆ.
ಆರು ವರ್ಷ
ನೋಡಬಾರದೆಂದೇ ನೋಡಿದ್ದು
ಅಳತೆ ಸಮೇತ ನೆನಪಿತ್ತು.

ವ್ಯಾಕ್ಯೂಮ್ ಆರಿಸಿದೆ. ಕಾರ್ಪೆಟ್ಟು ಅರ್ಧ ಮಾತ್ರ ಆಗಿತ್ತು,
ಆಗದ ಅರ್ಧಕ್ಕೆ ಅವನು ಹಣೆ ಹಚ್ಚಿದ.
ನಾಚಿಕೆಯಾಯಿತು, ಎಂಥ ನಾಚಿಕೆ,
ನೆಂಟರು ಬಂದಾಗ ಅಂಗಳದಲ್ಲಿ ಕಸವಿದ್ದ ಹಾಗೆ.
ಅಂಗಳ ನನ್ನದೆಂದು ಯಾವಾಗ ಆಯಿತು?

ಮೂಲೆಯ ಕುರ್ಚಿಯಲ್ಲಿ ಎನಿಡ್ ಇದ್ದಳು,
ಸಮುದ್ರದಿಂದ ಬಾರದ ಮೀನುಗಾರನ ಹೆಂಡತಿ,
ತಮ್ಮ ಹನ್ನೊಂದನೇ ವಾರ್ಡಿನಲ್ಲಿ.
'ದೇವರಿಲ್ಲ ನನಗೆ, ಕುರ್ಚಿ ಮೆತ್ತಗಿದೆ' ಎನ್ನುವವಳು.
ಅವನು ಎದ್ದಾಗ ಬಿಸ್ಕತ್ತಿನ ಡಬ್ಬಿ ಚಾಚಿದಳು.
ಎರಡೇ ಉಳಿದಿದ್ದವು. ಮೂವರು ತಿಂದೆವು,
ಹೊಟ್ಟೆ ತುಂಬಿತು. ಲೆಕ್ಕ ಕೇಳಬೇಡಿ.

ಆ ಡಬ್ಬಿ ಈಗ ಕಪಾಟಿನಲ್ಲೇ ಇದೆ, ಬೈಬಲ್ಲಿನ ಪಕ್ಕ.
ಒಮ್ಮೆ ಖರ್ಜೂರ, ಒಮ್ಮೆ ಶುಂಠಿ ಬಿಸ್ಕತ್ತು,
ಯುಗಾದಿಗೆ ನಾನಿಟ್ಟ ಶೇಂಗಾ ಉಂಡೆ.
ತುಂಬುವವರು ಯಾರೆಂದು ಪೂರ್ತಿ ಗೊತ್ತಿಲ್ಲ,
ತಳ ಮಾತ್ರ ಇನ್ನೂ ಕಂಡಿಲ್ಲ.
ಸಂಬಳ ಹೆಚ್ಚಲಿಲ್ಲ, ಮೊಣಕಾಲು ಹಾಗೇ ಇದೆ.
ಬೆಳಿಗ್ಗೆ ಮನೆಗೆ ಬಂದು
ಲಿಂಗವನ್ನು ಅಂಗೈಯಲ್ಲಿಟ್ಟು ಕೂತರೆ
ಮೊದಲು ನಾವಿಬ್ಬರೇ ಇರುತ್ತಿದ್ದೆವು.
ಈಗ ಅಂಗೈ ತುಂಬ ಜನ:
ಎರಡು ಸೇರು ದಾಟಿದ ಶಿಲಾನ್ ಎಂಬ ಕೂಸು,
ಎನಿಡಳ ತಮ್ಮ, ಅವನು ಉಳಿಯಲಿಲ್ಲ,
ಅಲ್ಲಿಯ ಪುಸ್ತಕದಲ್ಲಿ ಹೆಸರು ಹಾಕದೆ
'ಅವನ ಕೆಮ್ಮು ನಿಲ್ಲಲಿ' ಎಂದು ಬರೆದ ಯಾರೋ.
ಇಕ್ಕಟ್ಟೇನೂ ಅನಿಸುವುದಿಲ್ಲ.

ಹೊಸ ಬಾಣಕ್ಕೆ ಅರ್ಜಿ ತುಂಬಬೇಕು, ಮೂರು ವಾರ
ಎಂದ ಮೇಲ್ವಿಚಾರಕ.
ನಾನು ಕುರ್ಚಿ ಹತ್ತಿದೆ, ಎನಿಡ್ ಹಿಡಿದುಕೊಂಡಳು.
ಅಡುಗೆಯವರು ಬೆರಳಿಗೆ ಸುತ್ತುವ ನೀಲಿ ಪಟ್ಟಿ,
ನಾಲ್ಕು ತುಂಡು ಸಾಕಾಯಿತು.
ಇಳಿಯುವಾಗ ಕಾಲು ತಪ್ಪಿ ಅವಳ ಮೇಲೇ ಬಿದ್ದೆ,
ಇಬ್ಬರೂ ನಕ್ಕೆವು, ದವಡೆ ನೋಯುವಷ್ಟು.

ಬಾಣ ಸ್ವಲ್ಪ ಸೊಟ್ಟಗಿದೆ.
ಇದುವರೆಗೆ ಯಾರೂ ದೂರಿಲ್ಲ.