ಒಂದು ಪಾಯಿಂಟ್ ಎಂಟು

ಲೋಬೊ ಗಾಜಿನ ಮೇಜಿನ ಮೇಲೆ ಮೂರನ್ನು ಸಾಲಾಗಿ ನಿಲ್ಲಿಸಿದರು,
ಸಂತೆಯಲ್ಲಿ ಎತ್ತಿನ ಹಲ್ಲು ತೋರಿಸುವವರ ಹಾಗೆ:
“ತಿರುಗಿಸಿ ನೋಡು, ಊದಿ ನೋಡು, ಬೆಳಕಿಗೆ ಹಿಡಿದು ನೋಡು.”
ಬಿ.ಎಂ. ರಸ್ತೆಯಲ್ಲಿ ಲಾರಿ ಹೋದಾಗಲೆಲ್ಲ
ಮೂರೂ ಸಣ್ಣಗೆ ನಡುಗಿದವು.

ಬಿಳಿ ಕೊಳವೆಯಂಥದ್ದು ಎಪ್ಪತ್ತರಿಂದ ಇನ್ನೂರು.
ಗ್ಯಾಲರಿಯಲ್ಲಿ ಕೂತೇ ಆಟಗಾರರ ರೆಪ್ಪೆ ಎಣಿಸಬಹುದು.
ಅರವತ್ತೆಂಟು ಸಾವಿರ, ಅದೂ ಯಾರೋ ಬಳಸಿದ್ದು.
ಪತ್ರಿಕೆಯವರು ನನಗೆ ಕೊಡುವುದು ಫೋಟೊಗೆ ಇನ್ನೂರು.
ಮುನ್ನೂರ ನಲವತ್ತು ಫೋಟೊ.
ಮನಸ್ಸಿನಲ್ಲೇ ಭಾಗಿಸಿ, ಮುಚ್ಚಳ ಹಾಕಿ, ವಾಪಸ್ ಇಟ್ಟೆ.

ಐವತ್ತರದ್ದು ಅಗ್ಗ. ಅಂಗೈಯಲ್ಲಿ ಬೋಂಡದಂತೆ ಕೂರುತ್ತದೆ.
ಅದರಲ್ಲಿ ಸ್ಟೇಡಿಯಂ ಪೂರ್ತಿ ಕಾಣುತ್ತದೆ,
ಆಟ ಕಾಣುವುದಿಲ್ಲ.

ನಡುವಿನದು ಎಂಬತ್ತೈದು. ಒಂದು ಪಾಯಿಂಟ್ ಎಂಟು.
ಈ ಲೆಕ್ಕವೇ ತಿರುವುಮುರುವು,
ಸಂಖ್ಯೆ ಚಿಕ್ಕದಾದಷ್ಟೂ ಕಣ್ಣು ದೊಡ್ಡದು.
ಕ್ಯಾಮೆರಾ ಪೆಟ್ಟಿಗೆಯ ಜತೆ ಬಂದ ನನ್ನ ಹಳೆಯದು
ಐದು ಪಾಯಿಂಟ್ ಆರಕ್ಕೇ ಕಣ್ಣು ಕಿರಿದು ಮಾಡುತ್ತದೆ;
ಸಂಜೆ ಏಳಾಯಿತೆಂದರೆ ಅದಕ್ಕೆ ಇರುಳುಗುರುಡು.

“ಇದು ಹದಿನಾಲ್ಕಕ್ಕೆ,” ಅಂದರು ಲೋಬೊ. ಗಂಟಲು ಸರಿಮಾಡಿಕೊಂಡು,
“ಒಳಗೆ ಒಂಚೂರು ಬೂಷ್ಟು ಇದೆ. ಸಕಲೇಶಪುರದವರದ್ದು,
ಬೀರುವಿನಲ್ಲಿ ನಾಲ್ಕು ಮಳೆಗಾಲ ಮರೆತಿದ್ದರು.”
ಟಾರ್ಚ್ ಬಿಟ್ಟು ನೋಡಿದೆ. ಅಂಚಿನಲ್ಲಿ
ಜೇಡನ ಒಂದು ಕಾಲಿನಷ್ಟು ಬಿಳಿ.
“ಫೋಟೊದಲ್ಲಿ ಬರಲ್ಲ.”
“ಬಂದರೆ?”
“ಬಂದರೆ ಹನ್ನೆರಡೂವರೆ.”

ನನ್ನ ಚಿಂತೆ ಬೂಷ್ಟಿನದಲ್ಲ.
ಇದಕ್ಕೆ ಜೂಮ್ ಇಲ್ಲ. ಹತ್ತಿರ ಬೇಕಾದರೆ ಹತ್ತಿರ ಹೋಗಬೇಕು.
ಕಾಲೇ ಜೂಮ್ ಅನ್ನುತ್ತಾರೆ, ಕಾಲಿದ್ದವರು.
ನನ್ನ ಬಲಮಂಡಿಯಲ್ಲಿ ಎರಡು ತಿರುಪು ಇವೆ,
ಸಾಲಗಾಮೆ ರಸ್ತೆಯ ಸ್ಟೇಡಿಯಂನಲ್ಲಿ
ಬೋನಸ್ ಗೆರೆ ಮುಟ್ಟಿ ತಿರುಗುವಾಗ
ನಾಲ್ಕು ಜನ ಮೇಲೆ ಬಿದ್ದ ದಿನದ್ದು.

ಎರಡು ದಿನ ಪರೀಕ್ಷೆಗೆ ಕೊಟ್ಟರು,
ಆಧಾರ್ ಕಾರ್ಡು ಒತ್ತೆ ಇಟ್ಟುಕೊಂಡು.

ಮೊದಲ ಸಂಜೆ ಕಲಾಕ್ಷೇತ್ರದಲ್ಲಿ ಪಿಟೀಲು ಕಛೇರಿ.
ವೇದಿಕೆಗೆ ಎರಡೇ ಹಳದಿ ದೀಪ, ಒಂದು ಮಿಣುಕುತ್ತಿತ್ತು.
ಮೊದಲ ಕ್ಲಿಕ್ಕಿಗೇ ಮುಂದಿನ ಸಾಲಿನ ಹಿರಿಯರೊಬ್ಬರು
ಅನ್ನದಲ್ಲಿ ಕಲ್ಲು ಸಿಕ್ಕವರಂತೆ ತಿರುಗಿದರು.
ಆಮೇಲೆ ಕಲಿತೆ, ತಾಳ ಎಣಿಸಿ ಸಮಕ್ಕೆ ಬೆರಳೊತ್ತುವುದು.
ಮೃದಂಗದ ಧೀಂ ಒಳಗೆ ನನ್ನ ಟಕ್ ಅಡಗಿತು.
ಆಕೆಯ ರೆಪ್ಪೆಗೂದಲು ಒಂದೊಂದೇ ಬಿಡಿಬಿಡಿ;
ಕಿವಿಯೋಲೆಯ ಹೊತ್ತಿಗಾಗಲೇ ಲೋಕ ಕರಗಿತ್ತು;
ಪಾದಕ್ಕೆ ಊರಿದ ಪಿಟೀಲಿನ ತುದಿ
ಬರೀ ಜೇನಿನ ಬಣ್ಣ.

ಮರುದಿನ ಹೊನಲುಬೆಳಕಿನ ಕಬಡ್ಡಿ, ಮಹಿಳಾ ವಿಭಾಗ.
ಹೊನಲೆಂದರೆ ನಾಲ್ಕು ಕಂಬ, ಒಂದು ಸುಟ್ಟದ್ದು.
ಉಳಿದ ಫೋಟೊ ಹುಡುಗರು ಗೆರೆಯುದ್ದಕ್ಕೂ ಓಡಾಡುತ್ತಿದ್ದರು.
ನಾನು ಮೂಲೆಯೊಂದರಲ್ಲಿ
ಬಲಗಾಲು ನೀಡಿಕೊಂಡು ಕೂತೆ, ಬಾಣಂತಿಯ ಹಾಗೆ.

ಚನ್ನರಾಯಪಟ್ಟಣದ ಹುಡುಗಿ ಒಳನುಗ್ಗಿದಳು,
ಕಬಡ್ಡಿ ಕಬಡ್ಡಿ ಕಬಡ್ಡಿ
ಅವಳ ಎಡಭುಜ ಒಂದು ಕೂದಲೆಳೆ ತಗ್ಗಿತು.
ನನಗೆ ಗೊತ್ತಾಯಿತು. ಆ ಸುಳ್ಳು ನಾನೂ ಹೇಳಿದ್ದೆ.
ಎಡಕ್ಕೆ ತೋರಿಸಿ ಬಲಕ್ಕೆ ಬರುತ್ತಾಳೆ, ನೇರ ಈ ಮೂಲೆಗೆ.
ಎದುರಾಳಿಗಳು ಎಡಕ್ಕೆ ವಾಲಿದರು,
ಕ್ಯಾಮೆರಾಗಳೂ.
ನಾನು ಉಸಿರು ಕಟ್ಟಿದೆ.

ಬಂದಳು.

ಅವಳು ಉಸಿರು ಬಿಟ್ಟಾಗ ನಾನೂ ಬಿಟ್ಟೆ.
ಪರದೆಯಲ್ಲಿ ಐದು ಬೆರಳು,
ಗೆರೆಗೆ ಇನ್ನೊಂದು ಗೇಣು, ಹಲ್ಲು ಕಚ್ಚಿದ ಬಾಯಿ.
ಹಿಂದಿನ ದೀಪಗಳು ಊದಿಕೊಂಡು ತಟ್ಟೆಇಡ್ಲಿಯಷ್ಟಾಗಿದ್ದವು;
ಒಂದೊಂದರಲ್ಲೂ
ಜೇಡನ ಒಂದು ಕಾಲು.

“ಲೋಬೊ ಅಂಕಲ್, ಬಂದಿದೆ.”
“ಏನು?”
“ಬೂಷ್ಟು.”
ಆ ಕಡೆ ಷಟರ್ ಎಳೆಯುವ ಸದ್ದು, ಬೀಗದ ಸದ್ದು.
“ಅದಿರಲಿ ದಾಕ್ಷಾಯಿಣಿ, ಫೋಟೊ ಹೆಂಗೆ ಬಂದಿದೆ?”

ಇನ್ನೊಮ್ಮೆ ನೋಡಿದೆ. ಇನ್ನೂ ಒಮ್ಮೆ.
“ಹನ್ನೆರಡೂವರೆ,” ಅಂದೆ.