ಬಾಕಿ

ಮಗ್ದಲೇನಾ ಹೊಳೆಗೆ ಬೆಲ್ಲದ ಕಾಫಿಯ ಬಣ್ಣ.
ಕೆಳಗೆ ಕಣ್ಣಿದ್ದೂ ಇಲ್ಲ. ನೂಬಿಯಾ
ಗಂಟು ಹಾಕಿದ ಹಗ್ಗ ಹಿಡಿದು
ಬೆರಳಲ್ಲೇ ಓದುತ್ತಾಳೆ ಹಡಗನ್ನು:
ರಿವೆಟ್ಟು, ರಿವೆಟ್ಟು, ಮುರಿದ ಚಕ್ರದ ಹಲಗೆ,
ಬಾಯ್ಲರಿನ ತಣ್ಣನೆ ಹೊಟ್ಟೆ. ಒಳಗಿನ ಮೀನು ಬೆಚ್ಚಿ
ಮೊಣಕೈಗೆ ಡಿಕ್ಕಿ.

ಆಮೇಲೆ ಸೌದೆ.
ಒಟ್ಟಿದ್ದು ಒಟ್ಟಿದ ಹಾಗೇ,
ಕೊಡಲಿಯ ಗಾಯ ಇನ್ನೂ ಚೂಪು,
ನೂರಿಪ್ಪತ್ತು ವರ್ಷ ನೀರೊಳಗೆ
ಬೆಂಕಿಗೆ ಕಾಯುತ್ತ.

ದಡದಲ್ಲಿ ಮರವಿಲ್ಲ; ಎಲ್ಲ
ಹೊಗೆಯಾಗಿ ಹೋಗಿ ಎಷ್ಟೋ ಕಾಲ.
ದೋಣಿಯಲ್ಲಿ ಕೂತ ಮುದುಕ ಎಲಿಯೇಸರ್
ಅವಳ ತಲೆ ಮೇಲೇಳುವುದೇ ತಡ ಕೇಳುತ್ತಾನೆ:
"ಎಣಿಸಿದೆಯಾ? ನಮ್ಮಜ್ಜ ಕಡಿದದ್ದು.
ವಾಪಸ್ ಬರುವಾಗ ದುಡ್ಡು, ಅಂದಿದ್ದರಂತೆ."

ಮೂಗಿನ ಕೆಸರೊರೆಸಿ
ಸ್ಲೇಟು ತೋರಿಸುತ್ತಾಳೆ: ನಲವತ್ತೊಂದು.
ಅವನು ಬೆರಳು ಮಡಚುತ್ತಾನೆ.
"ಕೊಟ್ಟದ್ದು ಐವತ್ತು.
ಹಾಗಾದರೆ ಒಂಬತ್ತು ಉರಿದಿವೆ,
ಇಲ್ಲೀತನಕ."