ಅರ್ತ್ ತಂತಿ

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ ಪಾರಸನ ಅಂಗಡಿ.
ಗಾಜಿನ ಮೇಲೆ ಮೂರು ಪೆಟ್ಟಿಗೆ ಇಟ್ಟ,
ಮದುವೆ ಸೀರೆ ಹರಡುವ ಹಾಗೆ.

ಒಂದು, ಬೆಂಕಿಪೊಟ್ಟಣದಷ್ಟು. ಎಂಟುನೂರು.
‘ನಡೆಯುತ್ತೆ ಸಾರ್’ ಅಂದ.
ನಡೆಯುತ್ತೆ ಅನ್ನುವವರನ್ನು ಕಂಡರೆ ನನಗೆ ದಿಗಿಲು.
ನಡೆಯುತ್ತೆ ಅಂತಲೇ ಫ್ಯೂಸಿನ ಜಾಗಕ್ಕೆ
ಸಿಗರೇಟಿನ ಬೇಗಡೆ ಸುತ್ತಿ
ಜಾವಗಲ್ಲಿನ ಮದುವೆಯಲ್ಲಿ ಹೊಗೆ ಎಬ್ಬಿಸಿದವನು ನಾನೇ.

ಇನ್ನೊಂದು ಕೆಂಪು. ಎರಡು ತೂತು, ಎರಡು ತಿರುಗುಗುಂಡಿ.
ಮೂರನೆಯದಕ್ಕೆ ಪ್ಲೇಟಿಗೆಂದೇ ಬೇರೆ ಬಾಯಿ,
ಹಿಂದೆ ಅರ್ತ್ ಕಟ್ಟಲು ಹಿತ್ತಾಳೆಯ ತಿರುಪು.
ಅದರ ಬೆಲೆ ಹೇಳುವ ಮುಂಚೆ
ಹುಡುಗ ನನ್ನ ಚಪ್ಪಲಿ ನೋಡಿದ.

‘ಏನೇನು ಏರಿಸಬೇಕು?’
ನಲವತ್ತೊಂದು ಪ್ಲೇಟು, ಒಂದು ರೇಡಿಯೊ.
ಎಲ್ಲ ದಸ್ತಗೀರಣ್ಣನವು. ಅರಸೀಕೆರೆಯಲ್ಲಿ
ಮೈಕ್‌ಸೆಟ್ ಇಟ್ಟಿದ್ದವನು.
ನನಗೆ ಹನ್ನೆರಡಾದಾಗ ಸೂಜಿ ಕೈಗೆ ಕೊಟ್ಟವನು:
‘ಉಸಿರು ಕಟ್ಟೋ ಸಣ್ಣೀರ,
ಸೂಜಿ ಇಳೀವಾಗ ದೇವರೂ ಕೆಮ್ಮಬಾರದು.’

ಪಾರಸ್ ಬಿಡಿಸಿ ಹೇಳಿದ:
ಸೂಜಿಯಿಂದ ಬರೋದು ಇರುವೆ ನಡಿಗೆಯಷ್ಟು ಕರೆಂಟು.
ಬರೀ ಎತ್ತಿದರೆ ಸಾಲದು. ತಗ್ಗು ದನಿಯನ್ನು
ಕುಗ್ಗಿಸಿ ಕೊರೆದಿರುತ್ತಾರೆ, ಉಬ್ಬಿಸಬೇಕು.
ಮೇಲು ದನಿಯನ್ನು ಉಬ್ಬಿಸಿ ಕೊರೆದಿರುತ್ತಾರೆ, ಇಳಿಸಬೇಕು.
ರೇಡಿಯೊಗೆ ಆ ಉಪಚಾರ ಬೇಡ, ನೇರ ತಂತಿ.
ಇಪ್ಪತ್ತೆರಡರ ಹುಡುಗ. ಗಿರಾಕಿಯನ್ನು ಮರೆತು
ಕೈಯಲ್ಲಿ ಗಾಳಿಯನ್ನು ಏರಿಸಿ ಇಳಿಸಿ ತೋರಿಸುತ್ತಿದ್ದ.
ಆಗ ಅವನ ಮೇಲೆ ನಂಬಿಕೆ ಬಂತು.

‘ಸ್ಟೀರಿಯೊನಾ, ಮಾನೊನಾ?’

ದಸ್ತಗೀರಣ್ಣನಿಗೆ ಎಡಗಿವಿ ಸತ್ತಿತ್ತು. ಲೋಕವೇ ಮಾನೊ.
ಒಂದು ಹಾರ್ನು ತೆಂಗಿನ ಮರಕ್ಕೆ,
ಒಂದು ನೀರಿನ ಟ್ಯಾಂಕಿಗೆ.
ಹಾಡು ಹೋಗಿ ಕೆರೆಯೇರಿಗೆ ತಾಗಿ
ಅರ್ಧ ಸಾಲು ತಡವಾಗಿ ವಾಪಸು ಬರೋದು.
ಊರಿನವರು ಆ ಎರಡೂ ಸೇರಿದ್ದೇ ಹಾಡು ಅಂದುಕೊಂಡಿದ್ದರು,
ನಾನೂ.
ಆ ಅರ್ಧ ಸಾಲಿಗೆ ಯಾವ ಪೆಟ್ಟಿಗೆಯಲ್ಲಿ ತೂತಿದೆ
ಅಂತ ಕೇಳಲಿಲ್ಲ.

ಮೂರನೆಯದನ್ನೇ ತಂದೆ.
ದುಡ್ಡು ಹಾರ್ನಿನದು: ಚಿಕ್ಕಮಗಳೂರಿನ ಹೋಂಸ್ಟೇಯವರು
ಒಳಗೆ ದೀಪ ಕೂರಿಸೋಕೆ ಒಯ್ದರು, ಎರಡನ್ನೂ.
ಚೌಕಾಸಿ ಮಾಡಲಿಲ್ಲ. ಮಾಡಬೇಕಿತ್ತು.

ಮನೆಗೆ ಬಂದು ತಂತಿ ಸಿಕ್ಕಿಸಿದರೆ ಬರೀ ಗುಂಯ್.
ಜೇನುಗೂಡಿಗೆ ಕಿವಿ ಕೊಟ್ಟ ಹಾಗೆ.
ಗುಂಡಿ ತಿರುಗಿಸಿದೆ, ಬೈದೆ, ಚಹಾ ಕುಡಿದೆ.
ಆಮೇಲೆ ಕಂಡಿತು, ಪ್ಲೇಯರಿನ ಹಿಂದೆ ಜೋತಾಡುವ ಹಸಿರು ತಂತಿ.
ಹೊಸ ಊರಿಗೆ ಹೋದರೆ ಅಣ್ಣ ಮೊದಲು ಗುಂಡಿ ತೋಡಿಸಿ
ಉಪ್ಪುನೀರು ಸುರಿಸುತ್ತಿದ್ದ: ‘ಭೂಮಿ ಒಪ್ಪಲಿ ಮೊದಲು,
ಜನ ಆಮೇಲೆ ಒಪ್ತಾರೆ.’
ಹಿತ್ತಾಳೆ ತಿರುಪಿಗೆ ಸುತ್ತಿ ಬಿಗಿದೆ.
ಗುಂಯ್ ನಿಂತಿತು.
ನಿಂತಮೇಲೆ ಗೊತ್ತಾಯಿತು, ಹೊರಗೆ ಯಾರೋ
ಆಗಿನಿಂದ ತೆಂಗಿನಕಾಯಿ ಸುಲಿಯುತ್ತಿದ್ದಾರೆ.

ರೇಡಿಯೊ ಇನ್ನೂ ಸರಿಯಾಗಿಲ್ಲ.
ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ಮಾತು ಕೇಳಿಸುತ್ತೆ,
ಬ್ಯಾಟರಿ ನಲವತ್ತು ನಿಮಿಷ. ವಾರ್ತೆಗೆ ಸಾಕು, ನಾಟಕಕ್ಕೆ ಸಾಲದು.

ಆರನೇ ಪ್ಲೇಟು, ಹಿಂಬದಿ.
ಎರಡು ಹಾಡಿನ ನಡುವಿನ ಕಪ್ಪು ಪಟ್ಟಿ.
ಅಲ್ಲಿ ಏನೂ ಇಲ್ಲ. ಆದರೂ ಪರದೆಯ ಮೇಲೆ
ಹಸಿರು ಗೆರೆ ಮೆಲ್ಲಗೆ ಉಬ್ಬಿತು,
ಹೆಡ್‌ಫೋನಿನಲ್ಲಿ ಬೆಟ್ಟ ಉರುಳಿದ ಹಾಗೆ.
ಗಡಿಯಾರ ನೋಡಿದೆ, ಹನ್ನೆರಡೂ ನಲವತ್ತು:
ಗೇಟಿನ ಹತ್ತಿರ ಗೂಡ್ಸ್ ಗಾಡಿ.
ನೆಲದಿಂದ ಮೇಜಿಗೆ, ಮೇಜಿನಿಂದ ಸೂಜಿಗೆ ಹತ್ತಿ
ನಾನು ಹುಟ್ಟುವ ಮುಂಚಿನ ಪ್ಲೇಟಿನೊಳಗೆ
ಈವತ್ತಿನ ಗಾಡಿ ಹೋಗುತ್ತಿದೆ.

ಪಾರಸನಿಗೆ ಫೋನು ಮಾಡಿದೆ.
‘ಕಟ್ ಮಾಡಿ ಸಾರ್, ಎರಡು ನಿಮಿಷ. ಮೇಜಿನ ಕಾಲಿಗೆ ರಬ್ಬರ್ ಇಡಿ.’
ರಬ್ಬರ್ ಇಟ್ಟೆ. ಹಳೇ ಚಪ್ಪಲಿ ಕತ್ತರಿಸಿ, ನಾಲ್ಕು ತುಂಡು.
ಫೈಲನ್ನು ಮುಟ್ಟಲಿಲ್ಲ.
ಹೆಸರು ಕೇಳಿತು, ಬರೆದೆ:
ಆರು, ಹಿಂಬದಿ, ಗೂಡ್ಸ್ ಸಹಿತ.